ಅವಳಿ ಮಕ್ಕಳ ಹಲ್ಲು: ರಕ್ತದಲ್ಲಿ ಬಂದದ್ದೆಷ್ಟು, ನಮ್ಮ ಕೈಯಲ್ಲಿರುವುದೆಷ್ಟು?



ಒಂದು ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ತನ್ನ ಅಳಲನ್ನು ನಮ್ಮ ಮುಂದಿಟ್ಟರು. ಅವರಿಗೆ ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ಒಂಬತ್ತು ತಿಂಗಳಿಗೆ ಹೆಣ್ಣುಮಗುವಿಗೆ ಎರಡು ಹಲ್ಲು ಬಂದಿದ್ದವು, ಗಂಡುಮಗುವಿಗೆ ಒಂದೂ ಇಲ್ಲ. "ಹೆಣ್ಣಿಗೇ ಹಾಲು ಜಾಸ್ತಿ ಕೊಟ್ಟಿದ್ದೀಯ, ಗಂಡಿಗೆ ಕಮ್ಮಿ ಮಾಡಿದ್ದೀಯ" ಅಂತ ಮನೆಯಲ್ಲಿ ದಿನಾ ಮಾತು. ಕೇಳಿ ಕೇಳಿ ಬೇಸತ್ತ ತಾಯಿ ಹೆಣ್ಣುಮಗುವಿಗೆ ಹಾಲು ಕಡಿಮೆ ಮಾಡತೊಡಗಿದ್ದರು. ಹಲ್ಲಿನ ಬಗ್ಗೆ ತಿಳಿಯದೆ ಒಂದು ಮಗುವಿನ ಹೊಟ್ಟೆಗೆ ಕತ್ತರಿ ಬಿತ್ತು ನೋಡಿ! ಅದಕ್ಕಾಗಿ ಈ ಸಲದ ಪಾಠ ಇದರ ಬಗ್ಗೆಯೇ ಇರಲಿ ಎಂದುಕೊಂಡೆವು.

ಹಲ್ಲು ಹುಟ್ಟುವುದು ಎಲ್ಲಿ?

ಹಲ್ಲು ವಸಡಿನಿಂದ ಹೊರಬಂದಾಗ ಹುಟ್ಟಿತು ಎನ್ನುತ್ತೇವೆ. ನಿಜವಾಗಿ ಅದರ ಮೊಳಕೆ ತಾಯಿಯ ಗರ್ಭದಲ್ಲಿ ಆರನೇ ವಾರದ ಹೊತ್ತಿಗೇ ಶುರುವಾಗುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಹಾಲುಹಲ್ಲುಗಳು ಗಟ್ಟಿಯಾಗತೊಡಗುತ್ತವೆ. ಮಗು ಹುಟ್ಟುವಾಗ 20 ಹಾಲುಹಲ್ಲುಗಳೂ ವಸಡಿನೊಳಗೆ ರೂಪುಗೊಳ್ಳುತ್ತಾ ಇರುತ್ತವೆ. ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಕೆಳಗಿನ ಎರಡು ಮುಂದಿನ ಹಲ್ಲು ಮೊದಲು ಕಾಣಿಸುತ್ತವೆ. ಎರಡೂವರೆ-ಮೂರು ವರ್ಷಕ್ಕೆ ಇಪ್ಪತ್ತೂ ಬಂದಿರುತ್ತವೆ. ಕೆಲವರಿಗೆ ನಾಲ್ಕನೇ ತಿಂಗಳಲ್ಲೇ ಹಲ್ಲು, ಕೆಲವರಿಗೆ ವರ್ಷ ತುಂಬಿದ ಮೇಲೆ. ಎರಡೂ ಸರಿಯೇ.

ಎರಡು ಬಗೆಯ ಅವಳಿಗಳು

ಅವಳಿಗಳೆಲ್ಲ ಒಂದೇ ರೀತಿಯವರಲ್ಲ. ಒಂದೇ ಅಂಡಾಣು ಫಲಿತವಾಗಿ ಆಮೇಲೆ ಎರಡಾಗಿ ಒಡೆದರೆ ತದ್ರೂಪಿ ಅವಳಿಗಳು. ಇಬ್ಬರಿಗೂ ತಂದೆತಾಯಿಯಿಂದ ಬಂದ ವಂಶವಾಹಿ, ಅಂದರೆ ಜೀನ್‌ಗಳು, ಒಂದೇ. ಎರಡು ಅಂಡಾಣುಗಳು ಬೇರೆ ಬೇರೆಯಾಗಿ ಫಲಿಸಿದರೆ ಅವರು ಒಟ್ಟಿಗೆ ಹುಟ್ಟಿದ ಅಣ್ಣತಂಗಿ, ಅಕ್ಕತಂಗಿಯರಿದ್ದ ಹಾಗೆ. ಅವರಲ್ಲಿ ಸುಮಾರು ಅರ್ಧದಷ್ಟು ಜೀನ್‌ಗಳು ಮಾತ್ರ ಸಮಾನ. ಒಂದು ಗಂಡು ಒಂದು ಹೆಣ್ಣು ಇದ್ದರೆ ಅವರು ಈ ಎರಡನೇ ಬಗೆಯವರೇ.

ಒಂದೇ ಪಾತಿಯಲ್ಲಿ ಎರಡು ತಳಿಯ ಅವರೆಬೀಜ ಹಾಕಿ, ಒಂದೇ ನೀರು, ಒಂದೇ ಗೊಬ್ಬರ ಕೊಡಿ. ಒಂದು ನಾಲ್ಕು ದಿನ ಮೊದಲೇ ಹೂ ಬಿಡುತ್ತದೆ. ತಡವಾದ ಗಿಡಕ್ಕೆ ನೀರು ಕಮ್ಮಿ ಆಯ್ತು ಅಂತ ಯಾರೂ ಹೇಳುವುದಿಲ್ಲ, ಅದು ತಳಿಯ ಗುಣ ಎನ್ನುತ್ತೇವೆ. ಹಲ್ಲೂ ಹಾಗೆಯೇ.

ಇದನ್ನು ಕಂಡುಕೊಂಡದ್ದು ಹೇಗೆ?

ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ದಂತ ವಿಜ್ಞಾನಿಗಳು 1980ರ ದಶಕದಿಂದ ನೂರಾರು ಜೋಡಿ ಅವಳಿಗಳ ಹಲ್ಲುಗಳನ್ನು ಅಭ್ಯಾಸ ಮಾಡಿದ್ದಾರೆ. ಯಾವ ಹಲ್ಲು ಯಾವಾಗ ಬಂತು ಎಂದು ತಂದೆತಾಯಿಗಳೇ ಬರೆದಿಟ್ಟುಕೊಂಡರು. ತದ್ರೂಪಿ ಅವಳಿಗಳಲ್ಲಿ ಹಲ್ಲು ಬರುವ ಸಮಯ ಬಹಳ ಹತ್ತಿರ ಹತ್ತಿರ ಇತ್ತು. ಎರಡನೇ ಬಗೆಯವರಲ್ಲಿ ಅಂತರ ಹೆಚ್ಚು. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರಲ್ಲವೇ? ಹಾಗಾದರೆ ಈ ಅಂತರ ಜೀನ್‌ನಿಂದ ಬಂದದ್ದು ಎಂದು ತಿಳಿಯಿತು. ಮುಂದಿನ ಹಾಲುಹಲ್ಲುಗಳು ಬೇಗ ಬರುವುದು, ತಡವಾಗುವುದರಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ವಂಶದ್ದೇ ಎಂದು 2007ರಲ್ಲಿ ಅವರು ಪ್ರಕಟಿಸಿದರು.

ಹಲ್ಲಿನ ಗಾತ್ರ, ಆಕಾರ, ಕೆಲವರಿಗೆ ಹುಟ್ಟಿನಿಂದಲೇ ಒಂದೆರಡು ಹಲ್ಲು ಇಲ್ಲದಿರುವುದು, ಇವುಗಳಲ್ಲೂ ವಂಶದ ಪಾಲು ದೊಡ್ಡದು. ಪ್ಯಾಕ್ಸ್-9, ಎಂಎಸ್‌ಎಕ್ಸ್-1 ಎಂಬ ಜೀನ್‌ಗಳಲ್ಲಿ ದೋಷವಿದ್ದರೆ ಕೆಲವು ಹಲ್ಲುಗಳ ಮೊಳಕೆಯೇ ಆಗುವುದಿಲ್ಲ. ಆದರೆ ಒಂದು ಆಶ್ಚರ್ಯ ಕೇಳಿ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಇಲ್ಲದ ಹಲ್ಲು ಇನ್ನೊಬ್ಬರಿಗೆ ಇರುವುದುಂಟು. ಕೆಲವು ಜೋಡಿಗಳಲ್ಲಿ ಕನ್ನಡಿಯಲ್ಲಿ ನೋಡಿದ ಹಾಗೆ, ಒಬ್ಬರ ಎಡಗಡೆಯ ಗುಣ ಇನ್ನೊಬ್ಬರ ಬಲಗಡೆ ಕಾಣುತ್ತದೆ. ಗರ್ಭದೊಳಗೆ ಮೊಳಕೆ ಬೆಳೆಯುವಾಗ ಆಗುವ ಸಣ್ಣ ಸಣ್ಣ ವ್ಯತ್ಯಾಸಗಳೂ ಹಲ್ಲನ್ನು ಬದಲಿಸುತ್ತವೆ.

ಹುಳುಕು ಮಾತ್ರ ಬೇರೆ ಕಥೆ

"ನಮ್ಮ ಮನೆತನದ ಹಲ್ಲೇ ಹಾಗೆ, ಹುಳುಕು ಬಂದೇ ಬರ್ತದೆ" ಎಂದು ನಾವು ಕೈ ಚೆಲ್ಲುತ್ತೇವೆ. ಮೆಲ್ಬರ್ನ್ ನಗರದ ಸಂಶೋಧಕರು ಅವಳಿಗಳನ್ನು ಗರ್ಭದಲ್ಲಿದ್ದಾಗಿನಿಂದ ಆರು ವರ್ಷದವರೆಗೆ ಗಮನಿಸಿ 2019ರಲ್ಲಿ ವರದಿ ಕೊಟ್ಟರು. ಹುಳುಕಿನ ವಿಷಯದಲ್ಲಿ ಜೀನ್‌ಗಿಂತ ಸುತ್ತಲಿನ ಪರಿಸರದ ಪಾತ್ರವೇ ದೊಡ್ಡದೆಂದು ಕಂಡುಬಂತು. ಸಿಹಿ, ಬಾಯಿಯ ಕ್ರಿಮಿ, ಉಜ್ಜದ ಹಲ್ಲು, ಇವು ಸೇರಿದರೆ ಎಂಥ ಗಟ್ಟಿ ಹಲ್ಲೂ ಹುಳುಕಾಗುತ್ತದೆ. ಹಲ್ಲು ಯಾವಾಗ ಬರಬೇಕು ಎಂಬುದು ಹೆಚ್ಚಾಗಿ ರಕ್ತದಲ್ಲಿ ಬಂದದ್ದು. ಬಂದ ಹಲ್ಲು ಉಳಿಯುವುದು ಹೆಚ್ಚಾಗಿ ನಮ್ಮ ಕೈಯಲ್ಲಿದೆ.

ಕಂದು ಗೆರೆ ಬಿದ್ದ ಹಲ್ಲನ್ನೂ ಕೆಲವರು ವಂಶದ್ದು ಎನ್ನುತ್ತಾರೆ. ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರು ಮುಂತಾದ ಜಿಲ್ಲೆಗಳ ಹಲವು ಊರುಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಅಲ್ಲಿ ಅವಳಿಗಳಿಬ್ಬರಿಗೂ ಗೆರೆ, ಪಕ್ಕದ ಮನೆಯ ಮಗುವಿಗೂ ಗೆರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರಿನ ಪರೀಕ್ಷೆ ಮಾಡಿಸಲು ಪಂಚಾಯಿತಿಯನ್ನು ಸಂಘವಾಗಿ ಕೇಳಬಹುದು.

ತಾಯಂದಿರು ಗಮನಿಸಬೇಕಾದದ್ದು

1. ಅವಳಿಗಳು ಅನೇಕ ಸಲ ದಿನ ತುಂಬುವ ಮೊದಲೇ ಹುಟ್ಟುತ್ತಾರೆ. ಒಂದೂವರೆ ತಿಂಗಳು ಮೊದಲು ಹುಟ್ಟಿದ್ದರೆ ಹಲ್ಲು ಅಷ್ಟೇ ತಡವಾದರೂ ಚಿಂತೆ ಬೇಡ. ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಲೆಕ್ಕ ಹಾಕಿ.

2. ಒಂದೂವರೆ ವರ್ಷವಾದರೂ ಒಂದೂ ಹಲ್ಲು ಬಾರದಿದ್ದರೆ ವೈದ್ಯರಿಗೆ ತೋರಿಸಿ.

3. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೆಡುಕು ಎಂಬ ಮಾತಿದೆ. ಯಾವ ಹಲ್ಲು ಮೊದಲು ಬಂದರೂ ಯಾರಿಗೂ ಏನೂ ಆಗದು.

4. ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ ಸಹಜ. ಜೋರು ಜ್ವರ, ಭೇದಿ ಹಲ್ಲಿನಿಂದ ಬರುವುದಲ್ಲ. ಭೇದಿಗೆ ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಹೋಗಿ.

5. ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಿ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಆಮೇಲೆ ಬಟಾಣಿಯಷ್ಟು ಸಾಕು. ಫ್ಲೋರೈಡ್ ನೀರಿನ ಊರಿನವರು ದಂತವೈದ್ಯರನ್ನು ಕೇಳಿ ಬಳಸಿ.

6. ಬಾಯಲ್ಲಿ ಸಕ್ಕರೆ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ. ಒಂದು ಅಳುತ್ತದೆಂದು ಇನ್ನೊಂದಕ್ಕೂ ಸಿಹಿ ಕೊಡುವುದು ಅವಳಿ ಇರುವ ಮನೆಯಲ್ಲಿ ಮಾಮೂಲಿ. ಅದನ್ನು ನಿಲ್ಲಿಸಿ.

7. ಗರ್ಭಿಣಿಯರು ಅಂಗಡಿಯಿಂದ ತಾವಾಗಿ ಮಾತ್ರೆ ತಂದು ನುಂಗಬೇಡಿ. ಟೆಟ್ರಾಸೈಕ್ಲಿನ್‌ನಂಥ ಔಷಧಿ ಮಗುವಿನ ಹಲ್ಲಿಗೆ ಶಾಶ್ವತ ಬಣ್ಣ ಹಿಡಿಸುತ್ತದೆ.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: ಇಬ್ಬರನ್ನೂ ಅಂಗನವಾಡಿಯಲ್ಲಿ ತೂಕ ಮಾಡಿಸಿ, ಇಬ್ಬರಿಗೂ ಹೊಟ್ಟೆ ತುಂಬ ಹಾಲು ಕೊಡಿ, ಮೆತ್ತಗಿನ ಊಟ ತಿನ್ನಿಸಿ. ಮಗು ಚೆನ್ನಾಗಿ ಬೆಳೆಯುತ್ತಿದೆಯೇ ಎಂದು ಹೇಳುವುದು ತೂಕವೇ ಹೊರತು ಹಲ್ಲಿನ ಎಣಿಕೆಯಲ್ಲ. ಹನ್ನೊಂದನೇ ತಿಂಗಳಿಗೆ ಗಂಡುಮಗುವಿನ ವಸಡಿನಲ್ಲೂ ಬಿಳಿ ತುದಿ ಕಾಣಿಸಿತು. ಆದರೆ ಎರಡು ತಿಂಗಳು ಆ ತಾಯಿ ಕೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರು?

ಸಭೆಯಲ್ಲಿ ಚರ್ಚಿಸಿ

• ಮಕ್ಕಳ ಬೆಳವಣಿಗೆ ತಡವಾದಾಗ ನಮ್ಮ ಮನೆಗಳಲ್ಲಿ ಯಾರನ್ನು ದೂರುತ್ತಾರೆ? ನಾವೂ ಸೊಸೆಯನ್ನು ದೂರಿದ್ದೇವೆಯೇ?

• ನಮ್ಮ ಸಂಘದ ಮಕ್ಕಳಲ್ಲಿ ಹುಳುಕು ಹಲ್ಲು ಎಷ್ಟು ಮಂದಿಗಿದೆ? ಅವರಿಗೆ ಯಾವ ಸಿಹಿ, ದಿನಕ್ಕೆ ಎಷ್ಟು ಸಲ?

• ಮುಂದಿನ ಸಭೆಗೆ ಮುಂಚೆ ಮನೆಯ ಮಕ್ಕಳೆಲ್ಲರ ಬಾಯಿ ನೋಡಿ ಬರುವುದೆಂದು ನಿರ್ಣಯ ಮಾಡೋಣವೇ?