ಅವರು ಮನೆ ಮುಟ್ಟುವ ತನಕ ನಿದ್ದೆ ಇಲ್ಲ

ಪ್ರಶ್ನೆ: ನಮ್ಮ ಮನೆಯವರು ಸಾವುಕಾರರೊಬ್ಬರ ಗೂಡ್ಸ್ ಗಾಡಿ ಓಡಿಸುತ್ತಾರೆ. ನಸುಕಿನಲ್ಲಿ ಬಾಳೆಗೊನೆ ಹೇರಿಕೊಂಡು ಹೋದರೆ ತಿರುಗಿ ಬರುವುದು ರಾತ್ರಿಯೇ. ಲೋಡ್ ತಡವಾದರೆ ಬೈಗುಳ, ಅದಕ್ಕೇ ಜೋರಾಗಿ ಓಡಿಸುತ್ತಾರೆ. ನಿಧಾನ ಹೋಗಿರಿ ಎಂದರೆ, ‘ಹೊರಡುವಾಗ ಅಪಶಕುನ ನುಡಿಯಬೇಡ’ ಎಂದು ರೇಗುತ್ತಾರೆ. ಅವರು ಬರುವ ತನಕ ನನಗೆ ನಿದ್ದೆ ಇಲ್ಲ. ಫೋನ್ ಸದ್ದಾದರೆ ಕೈ ನಡುಗುತ್ತದೆ. ಏನು ಮಾಡಲಿ?
– ಹೆಸರು ಬೇಡ, ಆನೆಗೊಂದಿ

ಉತ್ತರ: ತಂಗಿ, ನಿಮ್ಮ ಕೈ ನಡುಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ದುಡಿಯಲು ಹೋದ ಜೀವ ಸುಖವಾಗಿ ಮನೆ ಸೇರಲಿ ಎಂಬ ಹಂಬಲ ಅದು. ಲಾರಿ, ಟೆಂಪೊ, ಟಂಟಂ ಓಡಿಸುವವರ ಎಷ್ಟೋ ಮನೆಗಳಲ್ಲಿ ಇಂಥ ರಾತ್ರಿಗಳಿವೆ, ಬಾಯಿಬಿಟ್ಟು ಹೇಳುವವರು ಕಡಿಮೆ. ನೀವು ಬರೆದದ್ದು ಒಳ್ಳೆಯದಾಯಿತು.

ಈಗ ನಿಮ್ಮ ಮನೆಯವರ ಕಡೆಯಿಂದಲೂ ನೋಡೋಣ. ಮನೆಯಲ್ಲಿ ನೀವು ‘ನಿಧಾನ’ ಎನ್ನುತ್ತೀರಿ, ಫೋನಿನಲ್ಲಿ ಸಾವುಕಾರರು ‘ಬೇಗ’ ಎನ್ನುತ್ತಾರೆ. ನಡುವೆ ಸಿಕ್ಕವರಿಗೆ ಸಿಟ್ಟು ತೋರಿಸಲು ಮನೆಯೇ ಸಲೀಸು. ಅವರಿಗೂ ಒಳಗೊಳಗೇ ಅಂಜಿಕೆ ಇರಬಹುದು. ಆದ್ದರಿಂದ ಅವರ ಸ್ವಭಾವ ತಿದ್ದಲು ಹೊರಡಬೇಡಿ. ಗಾಡಿ ಹೊರಡುವ ಹೊತ್ತನ್ನೂ ಲೋಡ್ ಮುಟ್ಟಿಸಲು ಒಪ್ಪಿಕೊಂಡ ಹೊತ್ತನ್ನೂ ಬದಲಿಸಲು ನೋಡಿ. ಅದಕ್ಕೆ ಮೊದಲು ವೇಗದ ಮಿತಿ ತಿಳಿದಿರಲಿ.

ಸರಕು ವಾಹನಗಳಿಗೆ 2018ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಗರಿಷ್ಠ ವೇಗ, ನಾಲ್ಕು ಪಥದ ವಿಭಜಿತ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ., ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 60. ಫಲಕದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಮಿತಿ. ನಿಮ್ಮ ಗಂಗಾವತಿ–ಆನೆಗೊಂದಿ ದಾರಿಯಲ್ಲಿ ಅರವತ್ತೂ ಎಷ್ಟೋ ಕಡೆ ಹೆಚ್ಚೇ. ಭತ್ತದ ಟ್ರ್ಯಾಕ್ಟರು, ಬಂಡೆಗಳ ನಡುವಿನ ತಿರುವು, ಶನಿವಾರ ಅಂಜನಾದ್ರಿ ಬೆಟ್ಟಕ್ಕೆ ಬರುವ ಜನ, ಎಲ್ಲವೂ ಅದೇ ದಾರಿಯಲ್ಲಿ. ಹನುಮಮಾಲೆ ವಿಸರ್ಜನೆಯ ದಿನಗಳಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ.

ಅವಸರದಿಂದ ಉಳಿಯುವುದೆಷ್ಟು? 30 ಕಿ.ಮೀ. ದಾರಿಗೆ ಅರವತ್ತರಲ್ಲಿ ಅರ್ಧ ಗಂಟೆ ಬೇಕು. ಎಂಬತ್ತರಲ್ಲಿ ಓಡಿಸಿದರೆ ಉಳಿಯುವುದು ಏಳೂವರೆ ನಿಮಿಷ. ಲೋಡ್ ಹಾಕುವಾಗ ಹಗ್ಗ ಬಿಗಿಯಲು ಅಷ್ಟು ಹೊತ್ತು ಹೋಗುತ್ತದೆ. ಅರವತ್ತರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ‘ಎಲ್ಲಿದ್ದೀ?’ ಎಂಬ ಫೋನ್ ನೋಡಲು ಆ ಒಂದು ಸೆಕೆಂಡೇ ಸಾಕು.

ಇಷ್ಟು ಮಾಡಿ ನೋಡಿ.

ಹೊರಡುವಾಗ ಏನೂ ಹೇಳಬೇಡಿ. ಗಾಡಿಗೆ ರಜೆ ಇದ್ದ ದಿನ, ಊಟವಾದ ಮೇಲೆ ಮಾತು ತೆಗೆಯಿರಿ. ‘ನೀವು ಹುಚ್ಚುಚ್ಚಾಗಿ ಓಡಿಸುತ್ತೀರಿ’ ಎಂಬುದು ಆರೋಪ. ‘ನೀವು ಬರುವ ತನಕ ನನಗೆ ತುತ್ತು ಇಳಿಯುವುದಿಲ್ಲ’ ಎಂದರೆ ಅವರಿಗೆ ವಾದಿಸಲು ಏನೂ ಉಳಿಯುವುದಿಲ್ಲ.

ಇಬ್ಬರೂ ಕೂತು ಲೆಕ್ಕ ಹಾಕಿ: ಲೋಡಿಗೆ ಎಷ್ಟು ಹೊತ್ತು, ದಾರಿಗೆಷ್ಟು, ಚಹಾಕ್ಕೆಷ್ಟು. ಆ ಹೊತ್ತನ್ನು ಅವರೇ ಸಾವುಕಾರರಿಗೆ ಹಿಂದಿನ ರಾತ್ರಿಯೇ ತಿಳಿಸಲಿ. ಗಾಡಿ ಪಲ್ಟಿಯಾದರೆ ನಷ್ಟ ಸಾವುಕಾರರಿಗೂ ಇದೆ. ಸಮಾಧಾನದಿಂದ ಹೇಳಿದರೆ ಒಪ್ಪುವವರೇ ಹೆಚ್ಚು. ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ ವೇಗ ಮೀರಿ ಓಡಿಸುವಂತೆ ಮಾಡಿದವರೂ ತಪ್ಪಿತಸ್ಥರೇ. ಮಿತಿ ಮೀರದೆ ಮುಟ್ಟಲಾಗದ ಹೊತ್ತನ್ನು ಗೊತ್ತುಮಾಡಿ ಕಳಿಸಿದರೆ, ಅದೇ ಅವರ ವಿರುದ್ಧ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಇದು ಜಗಳಕ್ಕಲ್ಲ, ಧೈರ್ಯಕ್ಕೆ ತಿಳಿದಿರಲಿ.

ಚಕ್ರ ಉರುಳುತ್ತಿರುವಾಗ ಯಾರೂ ಫೋನ್ ಮಾಡಬಾರದು, ನೀವು ಕೂಡ. ಲೋಡ್ ಇಳಿಸಿದ ಮೇಲೊಂದು, ವಾಪಸು ಹೊರಡುವಾಗೊಂದು ಮಿಸ್ಡ್ ಕಾಲ್ ಕೊಡಲು ಹೇಳಿ.

ಇಷ್ಟಾದರೂ ಒತ್ತಡ ನಿಲ್ಲದಿದ್ದರೆ, ಕೂಲಿ ಹಿಡಿದರೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ನಿಮ್ಮ ನಿದ್ದೆ ಹೀಗೇ ಕೆಡುತ್ತಿದ್ದರೆ ಅಥವಾ ಅವರಿಗೆ ಕುಡಿತ ಸೇರಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒಂದೇ ದಿನಕ್ಕೆ ಎಲ್ಲ ಸರಿಹೋಗದು. ಈ ವಾರ ಲೆಕ್ಕ ಹಾಕುವುದೊಂದನ್ನು ಮಾಡಿ. ಅರ್ಧ ಗಂಟೆ ಮೊದಲು ಹೊರಡಲು ಒಪ್ಪಿದರೆ, ಆ ದಿನ ಬುತ್ತಿಯನ್ನೂ ಅರ್ಧ ಗಂಟೆ ಮೊದಲು ಕಟ್ಟಿಕೊಡಿ.