ತಂತಿಯ ತಾಳ್ಮೆ

ಕೊಡಗಿನ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿಯು ಬೆಟ್ಟಗಳನ್ನಿಳಿದು, ಬಯಲುಸೀಮೆಯನ್ನು ಹಾಯ್ದು, ಶಿವನಸಮುದ್ರದಲ್ಲಿ ಬಂಡೆಗಳ ಮೇಲಿಂದ ಧುಮ್ಮಿಕ್ಕುತ್ತದೆ. ಆ ನೀರಿನ ಬಲದಿಂದ ಮೈಸೂರು ಸಂಸ್ಥಾನವು 1902ರಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿತು. ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ಮೊದಲ ಉದ್ದೇಶವು ಮನೆಗಳನ್ನು ಬೆಳಗುವುದಾಗಿರಲಿಲ್ಲ. ಸುಮಾರು 147 ಕಿಲೋಮೀಟರ್ ದೂರದಲ್ಲಿದ್ದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ ಶಕ್ತಿಯನ್ನು ಒದಗಿಸುವುದೇ ಅದರ ಗುರಿಯಾಗಿದ್ದಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು ಮೂರು ವರ್ಷಗಳ ಅನಂತರ, 1905ರಲ್ಲಿ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಅಷ್ಟರಲ್ಲಿ ವಿದ್ಯುತ್ತು ಮನೆಮನೆಯ ಗೋಡೆಗಳನ್ನು ಹೊಕ್ಕಿದ್ದಿತು. ಕೆಲವೇ ವರ್ಷಗಳಲ್ಲಿ ಹೊಸ ಬಗೆಯ ಗಣಿಗಾರಿಕೆಯೊಂದು ಆ ಗೋಡೆಗಳ ನಡುವೆಯೇ ತಲೆಯೆತ್ತಿತು. ಅದರಲ್ಲಿ ಗುದ್ದಲಿಯಿಲ್ಲ, ಸುರಂಗವಿಲ್ಲ, ಅಗೆಯುವ ಮಣ್ಣೂ ಇಲ್ಲ. ಅಗೆಯುವುದು ಕಂಪ್ಯೂಟರು, ಅದಕ್ಕೆ ಬೇಕಾದ ಮೇವು ವಿದ್ಯುತ್ತು.

2009ರ ಜನವರಿಯಲ್ಲಿ ಬಿಟ್‌ಕಾಯಿನ್ ಎಂಬ ಗಣಕ ನಾಣ್ಯವು ಚಲಾವಣೆಗೆ ಬಂದಿತು. ಈ ನಾಣ್ಯಕ್ಕೆ ಟಂಕಸಾಲೆಯಿಲ್ಲ. ಜಗತ್ತಿನ ನಾನಾ ಕಡೆಗಳಲ್ಲಿರುವ ಕಂಪ್ಯೂಟರುಗಳು ಅದರ ಲೆಕ್ಕಪುಸ್ತಕವನ್ನು ಕಾಯುತ್ತವೆ. ಪುಸ್ತಕಕ್ಕೆ ಹೊಸ ಪುಟವೊಂದನ್ನು ಸೇರಿಸಬೇಕಾದರೆ ಗೊತ್ತಾದ ಲಕ್ಷಣವುಳ್ಳ ಸಂಖ್ಯೆಯೊಂದನ್ನು ಹುಡುಕಬೇಕು. ಊಹಿಸಿ, ಪರೀಕ್ಷಿಸಿ, ಮತ್ತೆ ಊಹಿಸುವುದಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ. ಮೊದಲು ಕಂಡುಹಿಡಿದವರಿಗೆ ಹೊಸ ನಾಣ್ಯಗಳು ಬಹುಮಾನವಾಗಿ ದೊರೆಯುತ್ತವೆ. ಈ ಹುಡುಕಾಟಕ್ಕೇ ಗಣಿಗಾರಿಕೆ ಎಂದು ಹೆಸರು.

ಬಿಟ್‌ಕಾಯಿನ್ನಿನ ಗಣಿಗಾರಿಕೆಯು ಈಗ ಅದಕ್ಕೆಂದೇ ತಯಾರಿಸಿದ ಯಂತ್ರಗಳ ಪಾಲಾಗಿದೆ. ಬಹುಕಾಲ ಮನೆಯ ಕಂಪ್ಯೂಟರುಗಳಿಂದ ಅಗೆಯಲಾಗುತ್ತಿದ್ದ ಈಥೀರಿಯಮ್ ಎಂಬ ನಾಣ್ಯವು 2022ರ ಸೆಪ್ಟೆಂಬರಿನಲ್ಲಿ ಈ ಪದ್ಧತಿಯನ್ನೇ ಕೈಬಿಟ್ಟಿತು. ಆದರೂ ಬೇರೆ ನಾಣ್ಯಗಳ ಆಸೆಯಿಂದ ಕಂಪ್ಯೂಟರುಗಳನ್ನು ಹಗಲಿರುಳು ದುಡಿಸುವವರಿದ್ದಾರೆ. ಇಂಥ ನಾಣ್ಯಗಳಿಗೆ ಭಾರತದಲ್ಲಿ ರೂಪಾಯಿಗಿರುವಂಥ ಕಾನೂನುಬದ್ಧ ಹಣದ ಸ್ಥಾನವಿಲ್ಲ. ಇದರ ಲಾಭನಷ್ಟಗಳು ಹೇಗಾದರೂ ಇರಲಿ, ಗೋಡೆಯೊಳಗಿನ ತಂತಿಯು ತನ್ನ ಮಿತಿಯನ್ನು ಯಾರ ಆಸೆಗಾಗಿಯೂ ಬದಲಿಸುವುದಿಲ್ಲ. ಆ ಮಿತಿಯನ್ನು ತಿಳಿಯದವನು ಲಾಭವನ್ನು ಅಗೆಯಲು ಹೊರಟು ಮನೆಗೇ ಬೆಂಕಿಯನ್ನು ತಂದುಕೊಂಡಾನು.

ಕೊಡಗಿನ ಜನರಿಗೆ ವಿದ್ಯುತ್ತಿನ ಭಯ ಇಲ್ಲವೆಂದಲ್ಲ. ಕಾಫಿಯ ತೋಟಗಳ ನಡುವೆ ಹಾದುಹೋಗುವ ತಂತಿಗಳಿಗೆ ಅಲ್ಯೂಮಿನಿಯಂ ಏಣಿ ತಗುಲಿ, ಕರಿಮೆಣಸು ಕೊಯ್ಯುವ ಕಾರ್ಮಿಕರು ಪ್ರಾಣ ಕಳೆದುಕೊಂಡುದುಂಟು. ಗಾಳಿಮಳೆಗೆ ಕಂಬ ಉರುಳಿದಾಗ ಆ ದಾರಿಯನ್ನೇ ಬಿಟ್ಟು ಸುತ್ತಿ ನಡೆಯುವ ಎಚ್ಚರವು ಮಕ್ಕಳಿಗೂ ಇದೆ. ಆದರೆ ಹೊರಗಿನ ತಂತಿಗೆ ಅಂಜುವವರು ಒಳಗಿನ ತಂತಿಗೆ ಅಂಜುವುದಿಲ್ಲ. ಅದು ಕಣ್ಣಿಗೆ ಬೀಳುವುದಿಲ್ಲವಷ್ಟೆ.

ಮಡಿಕೇರಿಯ ಸಮೀಪದ ತೋಟದ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬನು ಇಂಥ ಕಂಪ್ಯೂಟರನ್ನು ಜೋಡಿಸಿದ್ದಾನೆಂದು ಭಾವಿಸೋಣ. ಅದರಲ್ಲಿ ತಲಾ 200 ವಾಟ್ ಬೇಡುವ ನಾಲ್ಕು ಗ್ರಾಫಿಕ್ಸ್ ಕಾರ್ಡುಗಳಿವೆ. ಉಳಿದ ಭಾಗಗಳಿಗೆ 150 ವಾಟ್ ಬೇಕು. ಒಟ್ಟು 950 ವಾಟ್ ಆಯಿತು. ಗೋಡೆಯಿಂದ ಬರುವ ವಿದ್ಯುತ್ತನ್ನು ಕಂಪ್ಯೂಟರಿಗೆ ಒಗ್ಗುವಂತೆ ಮಾರ್ಪಡಿಸುವ ಪೆಟ್ಟಿಗೆಗೆ ಪವರ್ ಸಪ್ಲೈ ಎನ್ನುತ್ತಾರೆ. ಉತ್ತಮವಾದ ಪೆಟ್ಟಿಗೆಯೂ ನೂರರಲ್ಲಿ ಹತ್ತು ಪಾಲಿನಷ್ಟನ್ನು ಶಾಖವಾಗಿ ಕಳೆಯುವುದರಿಂದ ಗೋಡೆಯಿಂದ ಸುಮಾರು 1,055 ವಾಟ್ ಎಳೆಯಬೇಕಾಗುತ್ತದೆ. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ಪ್ರವಾಹವು 4.6 ಆಂಪಿಯರ್ ಎಂದಾಗುತ್ತದೆ. ದೀಪ, ಫ್ಯಾನುಗಳ ಸಾಲಿನಲ್ಲಿರುವ ಸಣ್ಣ ಪ್ಲಗ್ಗಿನ ಮಿತಿ 6 ಆಂಪಿಯರ್. ಆದುದರಿಂದ ಹೆದರಬೇಕಾದುದಿಲ್ಲವೆಂದು ವಿದ್ಯಾರ್ಥಿಯು ಎಣಿಸುತ್ತಾನೆ.

ಅವನ ಲೆಕ್ಕದಲ್ಲಿ ಎರಡು ಸಂಗತಿಗಳು ಬಿಟ್ಟುಹೋಗಿವೆ. ಟ್ರಾನ್ಸ್‌ಫಾರ್ಮರಿನಿಂದ ಬಹುದೂರದಲ್ಲಿರುವ ತೋಟದ ಮನೆಗಳಲ್ಲಿ ವೋಲ್ಟೇಜು ಕುಸಿಯುವುದು ಸಾಮಾನ್ಯ. ವೋಲ್ಟೇಜು ಇಳಿದರೆ ಹಳೆಯ ಬಲ್ಬು ಮಂಕಾಗಿ ಉರಿಯುತ್ತದೆ. ಅದರ ಪ್ರವಾಹವೂ ತಗ್ಗುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಹಾಗಲ್ಲ. ತನಗೆ ಬೇಕಾದ ವಾಟುಗಳನ್ನು ಹೇಗಾದರೂ ಪಡೆಯಬೇಕೆಂದು ಅದು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. 180 ವೋಲ್ಟಿನಲ್ಲಿ ಅದೇ ಯಂತ್ರವು ಸುಮಾರು 5.9 ಆಂಪಿಯರ್ ಎಳೆಯುತ್ತದೆ. ಪ್ಲಗ್ಗಿನ ಮಿತಿಗೆ ಕೂದಲೆಳೆಯಷ್ಟು ಅಂತರ ಮಾತ್ರ ಉಳಿಯಿತು.

ಎರಡನೆಯ ಸಂಗತಿ ಕಾಲದ್ದು. ತೊರೆಯ ಮೇಲೆ ಹಾಕಿದ ಮರದ ಕಾಲುಸೇತುವೆಯನ್ನು ನೆನೆಯಬಹುದು. ಹೊರೆ ಹೊತ್ತವರು ಒಬ್ಬೊಬ್ಬರಾಗಿ ದಾಟಿದರೆ ಅದು ವರ್ಷಗಳ ಕಾಲ ಬಾಳುತ್ತದೆ. ಅದೇ ಹೊರೆಯನ್ನು ಸೇತುವೆಯ ನಡುವೆ ಹಗಲಿರುಳು ಇಳಿಸಿಟ್ಟರೆ ಮರವು ಬಾಗುತ್ತದೆ. ಇಸ್ತ್ರಿಪೆಟ್ಟಿಗೆಯೂ ಮಿಕ್ಸಿಯೂ ಕೆಲವು ನಿಮಿಷ ದುಡಿದು ತಂತಿಗೆ ತಣಿಯುವ ಬಿಡುವು ಕೊಡುತ್ತವೆ. ಗಣಿಗಾರಿಕೆಯ ಕಂಪ್ಯೂಟರು ಬಿಡುವನ್ನೇ ಕೊಡುವುದಿಲ್ಲ. ದಿನಕ್ಕೆ 24 ಗಂಟೆ ದುಡಿದರೆ ಅದು 25 ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ತಿಂಗಳಿಗೆ ಸುಮಾರು 760 ಯೂನಿಟ್. ಆದುದರಿಂದ ಎಡೆಬಿಡದೆ ದುಡಿಯುವ ಯಂತ್ರದ ಹೊರೆಯು ತಂತಿಯ ಮತ್ತು ಪ್ಲಗ್ಗಿನ ಮಿತಿಯ ನೂರಕ್ಕೆ ಎಂಬತ್ತು ಪಾಲನ್ನು ಮೀರದಿರುವುದು ಕ್ಷೇಮ. 6 ಆಂಪಿಯರ್ ಪ್ಲಗ್ಗಿಗೆ ಇದು 4.8 ಆಂಪಿಯರ್ ಆಗುತ್ತದೆ. ಇಂಥ ಯಂತ್ರಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೂ, ಮೇನ್ ಸ್ವಿಚ್ಚಿನ ಬಳಿಯಿಂದ ನೇರವಾಗಿ ಎಳೆದ ದಪ್ಪ ತಾಮ್ರದ ಪ್ರತ್ಯೇಕ ತಂತಿಯೂ ಬೇಕು.

ವಿದ್ಯಾರ್ಥಿಗೆ ಇಷ್ಟು ವಿಚಾರಿಸುವ ವ್ಯವಧಾನವಿಲ್ಲ. ಆಸೆ ಬೆಳೆದು ಅವನು ಅಂಥದೇ ಮತ್ತೊಂದು ಯಂತ್ರವನ್ನು ತಂದು, ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಅದೇ ಪ್ಲಗ್ಗಿಗೆ ಸೇರಿಸುತ್ತಾನೆ. ಪ್ರವಾಹವು 9.2 ಆಂಪಿಯರಿಗೆ ಏರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಫ್ಯೂಸ್ ಹೋಗುತ್ತದೆ. ಅವನು ತೆಳುವಾದ ಫ್ಯೂಸ್ ತಂತಿಗೆ ಬದಲಾಗಿ ದಪ್ಪ ತಾಮ್ರದ ಎಳೆಯೊಂದನ್ನು ಸುತ್ತುತ್ತಾನೆ. ಮತ್ತೆ ಫ್ಯೂಸ್ ಹೋಗುವುದಿಲ್ಲ. ತೊಂದರೆ ನೀಗಿತೆಂದು ಅವನು ಹಿಗ್ಗುತ್ತಾನೆ.

ನಿಜವಾಗಿ ಆದುದೇನು? ಫ್ಯೂಸ್ ಇರುವುದು ಯಂತ್ರವನ್ನು ಓಡಿಸುವುದಕ್ಕಲ್ಲ, ತಂತಿಯನ್ನು ಕಾಪಾಡುವುದಕ್ಕೆ. ಇಡೀ ಮಾರ್ಗದಲ್ಲಿ ಬೇಕೆಂದೇ ದುರ್ಬಲವಾಗಿರಿಸಿದ ಭಾಗ ಅದು. ಪ್ರವಾಹವು ಅಳತೆ ಮೀರಿದಾಗ ತಾನು ಕರಗಿ, ಗೋಡೆಯೊಳಗಿನ ತಂತಿಯನ್ನು ಉಳಿಸುತ್ತದೆ. ಅದು ಕರಗಿತೆಂದರೆ ಕಾವಲುಗಾರನು ಕೂಗಿದನೆಂದು ಅರ್ಥ. ಕಳ್ಳನನ್ನು ಹಿಡಿಯುವ ಬದಲು ಕಾವಲುಗಾರನ ಬಾಯಿಯನ್ನೇ ಕಟ್ಟಿದರೆ ಮನೆಯು ಉಳಿದೀತೆ? ಈಗಿನ ಮನೆಗಳಲ್ಲಿ ಫ್ಯೂಸಿನ ಕೆಲಸವನ್ನು ಎಂ.ಸಿ.ಬಿ. ಎಂಬ ಸ್ವಿಚ್ಚು ಮಾಡುತ್ತದೆ. ಅದು ಮತ್ತೆ ಮತ್ತೆ ಬಿದ್ದರೆ ಹೆಚ್ಚು ಆಂಪಿಯರಿನದನ್ನು ಕೂರಿಸುವುದು ಪರಿಹಾರವಲ್ಲ. ಹೊರೆಯನ್ನು ಇಳಿಸಬೇಕು, ಇಲ್ಲವೇ ತಂತಿಯನ್ನು ಬದಲಾಯಿಸಬೇಕು.

ಫ್ಯೂಸಿಗೂ ತಿಳಿಯದ ಅಪಾಯವೊಂದಿದೆ. ಪ್ರವಾಹದಿಂದ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಪ್ಲಗ್ಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿ ಅಲ್ಲಿ ಕೇವಲ 1 ಓಮ್ ರೋಧವಿದ್ದರೆ, ಒಂದು ಯಂತ್ರದ 4.6 ಆಂಪಿಯರಿಗೆ ಸುಮಾರು 21 ವಾಟ್ ಶಾಖವು ಹುಟ್ಟುತ್ತದೆ. ಎರಡು ಯಂತ್ರಗಳ 9.2 ಆಂಪಿಯರಿಗೆ ಅದು ಸುಮಾರು 85 ವಾಟ್ ಆಗುತ್ತದೆ. ರೇಡಿಯೋ ರಿಪೇರಿ ಮಾಡುವವರು ಸೀಸವನ್ನು ಕರಗಿಸಲು ಬಳಸುವ ಬೆಸುಗೆಯ ಕಡ್ಡಿಗೆ 25 ವಾಟ್ ಸಾಕು. ಅಂಥ ಮೂರಕ್ಕಿಂತ ಹೆಚ್ಚು ಕಡ್ಡಿಗಳ ಕಾವು ಒಂದು ಪ್ಲಗ್ಗಿನೊಳಗೆ ಹಗಲಿರುಳು ಸೇರುತ್ತದೆ. ಒಂದೇ ಯಂತ್ರವಿದ್ದಾಗ ಪ್ರವಾಹವು ಮಿತಿಯೊಳಗೇ ಇರುವುದರಿಂದ ಸರಿಯಾದ ಫ್ಯೂಸೂ ಕರಗುವುದಿಲ್ಲ. ಇಲ್ಲಿ ಮನುಷ್ಯನ ಕಣ್ಣು, ಮೂಗು, ಕೈಗಳೇ ಕಾವಲುಗಾರರು. ಪ್ಲಗ್ಗು ಬಿಸಿಯಾಗುವುದು, ಕಂದುಬಣ್ಣಕ್ಕೆ ತಿರುಗುವುದು, ಚಿಟಚಿಟ ಸದ್ದು, ಸುಟ್ಟ ವಾಸನೆ ಇವುಗಳಲ್ಲಿ ಒಂದು ಕಂಡುಬಂದರೂ ಒಡನೆಯೇ ಮೇನ್ ಸ್ವಿಚ್ಚನ್ನು ಆರಿಸಬೇಕು. ಮನೆಮಂದಿಯೆಲ್ಲ ಮಲಗಿರುವಾಗ ಈ ಕಾವಲುಗಾರರೂ ನಿದ್ರಿಸುತ್ತಾರೆ. ಆದುದರಿಂದಲೇ ಇಂಥ ಯಂತ್ರವನ್ನು ನೋಡುವವರಿಲ್ಲದೆ ರಾತ್ರಿಯಿಡೀ ಓಡಿಸಬಾರದು.

ಕಂಪ್ಯೂಟರಿನ ಪೆಟ್ಟಿಗೆಯ ಒಳಗೂ ಇದೇ ನಿಯಮ. ಅಲ್ಲಿ ಇರುವುದು 12 ವೋಲ್ಟ್ ಮಾತ್ರ, ಮುಟ್ಟಿದರೆ ಆಘಾತವಾಗದು. ಆದರೆ ವೋಲ್ಟ್ ಕಡಿಮೆಯಾದಷ್ಟೂ ಅದೇ ಶಕ್ತಿಗೆ ಹೆಚ್ಚು ಪ್ರವಾಹ ಬೇಕು. 12 ವೋಲ್ಟಿನಲ್ಲಿ 950 ವಾಟ್ ಎಂದರೆ ಸುಮಾರು 79 ಆಂಪಿಯರ್. ಸಾಟಾ ಎಂಬ ಸಣ್ಣ ಕೊಂಡಿಯು 12 ವೋಲ್ಟಿನಲ್ಲಿ 54 ವಾಟನ್ನು ಮಾತ್ರ ತಾಳಬಲ್ಲುದು. ಅದರ ಮೂಲಕ 75 ವಾಟಿನವರೆಗೆ ಎಳೆಯಬಲ್ಲ ಕಾರ್ಡಿಗೆ ವಿದ್ಯುತ್ತನ್ನು ಕೊಟ್ಟರೆ ಕೊಂಡಿಯು ಕರಗಿ ಹೊತ್ತಿಕೊಳ್ಳಬಹುದು. ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು. ಅದರೊಳಗಿನ ಧಾರಕಗಳಲ್ಲಿ 300 ವೋಲ್ಟಿಗಿಂತ ಹೆಚ್ಚಿನ ಒತ್ತಡದ ವಿದ್ಯುತ್ತು ಶೇಖರವಾಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಉಳಿದಿರಬಹುದು.

ಪ್ಲಗ್ಗಿನ ಮೂರನೆಯ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದಕ್ಕೆ ಕಾರಣವಿದೆ. ಅದು ಎಲ್ಲಕ್ಕಿಂತ ಮೊದಲು ಸಂಪರ್ಕವನ್ನು ಪಡೆದು, ಎಲ್ಲಕ್ಕಿಂತ ಕೊನೆಯಲ್ಲಿ ಬಿಡುತ್ತದೆ. ಯಂತ್ರದ ಲೋಹದ ಮೈಗೆ ಆಕಸ್ಮಿಕವಾಗಿ ವಿದ್ಯುತ್ತು ತಗುಲಿದರೆ ಅದನ್ನು ನೆಲಕ್ಕೆ ಸಾಗಿಸುವ ಭೂಸಂಪರ್ಕದ ಕಡ್ಡಿ ಅದು. ಎರಡು ಕಡ್ಡಿಯ ಪ್ಲಗ್ಗಿಗೆ ಹೊಂದಲೆಂದು ಅದನ್ನು ಕತ್ತರಿಸಿದರೆ ಆ ರಕ್ಷಣೆ ಇಲ್ಲವಾಗುತ್ತದೆ. ಅಂಗಳದ ಅರ್ಥಿಂಗ್ ಗುಂಡಿಯ ಮಣ್ಣು ಬೇಸಗೆಯಲ್ಲಿ ಒಣಗಿದರೆ ಅದರ ಗುಣವು ಕುಗ್ಗುವುದರಿಂದ ಆಗಾಗ್ಗೆ ನೀರೆರೆಯಬೇಕು. ಇದರ ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ತಡೆಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಅಳವಡಿಸಿದರೆ ಪ್ರಾಣರಕ್ಷಣೆಗೆ ಬಲವುಂಟಾಗುತ್ತದೆ.

ಕೊಡಗಿನ ಹವೆಯೂ ಎಚ್ಚರವನ್ನು ಬೇಡುತ್ತದೆ. ಕಾಫಿ ಹೂ ಅರಳಿಸುವ ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆಯೊಡನೆ ಗುಡುಗು ಸಿಡಿಲುಗಳೂ ಬರುತ್ತವೆ. ಆಗ ಸ್ವಿಚ್ಚನ್ನು ಆರಿಸಿದರೆ ಸಾಲದು. ಮೋಡ ಕವಿಯುತ್ತಿದ್ದಂತೆಯೇ ಪ್ಲಗ್ಗನ್ನು ಕಿತ್ತಿಡಬೇಕು. ಕಕ್ಕಡ ಮಾಸದ ಜಡಿಮಳೆಯಲ್ಲಿ ಗೋಡೆಗಳು ತೇವಗೊಂಡು ವಿದ್ಯುತ್ತು ಸೋರಲು ದಾರಿಯಾಗುತ್ತದೆ. ಮರದ ಕೊಂಬೆ ಬಿದ್ದು ಬೀದಿಯ ನ್ಯೂಟ್ರಲ್ ತಂತಿ ತುಂಡಾದರೆ ಮನೆಗೆ 230 ವೋಲ್ಟಿಗಿಂತ ಬಹಳ ಹೆಚ್ಚಿನ ಒತ್ತಡ ನುಗ್ಗಬಹುದು. ಯಂತ್ರದ ಬಿಸಿಗಾಳಿಗೆ ಒದ್ದೆಬಟ್ಟೆ ಹರಡುವುದು, ಗೋಣಿಚೀಲಗಳನ್ನು ಅಟ್ಟಿದ ಅಟ್ಟದಲ್ಲಿ ಯಂತ್ರವನ್ನು ಇರಿಸುವುದು ಬೆಂಕಿಗೆ ತಾವೇ ಸೌದೆ ಒಟ್ಟಿದಂತೆ.

ಇಷ್ಟಾಗಿಯೂ ಬೆಂಕಿ ಕಾಣಿಸಿಕೊಂಡರೆ ನೀರೆರಚಬಾರದು. ನೀರಿನ ಮೂಲಕ ವಿದ್ಯುತ್ತು ಎರಚಿದವರನ್ನೇ ತಲುಪಬಹುದು. ಮೊದಲು ಮೇನ್ ಸ್ವಿಚ್ಚನ್ನು ಆರಿಸಬೇಕು. ಅನಂತರ ಒಣ ಮರಳನ್ನಾಗಲಿ ಒಣಪುಡಿಯ ಅಗ್ನಿಶಾಮಕವನ್ನಾಗಲಿ ಬಳಸಬೇಕು. ಬೆಂಕಿ ಹಬ್ಬಿದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆಮಾಡಬೇಕು. ಆಘಾತಕ್ಕೊಳಗಾದವರನ್ನು ಬರಿಗೈಯಿಂದ ಮುಟ್ಟದೆ, ವಿದ್ಯುತ್ತನ್ನು ತಡೆದ ಮೇಲೆಯೇ ಉಪಚರಿಸಬೇಕು. ಮಾರ್ಗದ ತಂತಿ ತುಂಡಾಗಿದ್ದರೆ 1912 ಎಂಬ ಸಂಖ್ಯೆಗೆ ತಿಳಿಸಬೇಕು. ಕೊಡಗಿಗೆ ವಿದ್ಯುತ್ತನ್ನು ಒದಗಿಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಯಲ್ಲಿ, ಮನೆಗೆ ಮಂಜೂರಾದ ಹೊರೆ ಎಷ್ಟೆಂದು ವಿಚಾರಿಸಿ, ಬೇಕಾದರೆ ಅದನ್ನು ಹೆಚ್ಚಿಸಿಕೊಂಡ ಮೇಲೆಯೇ ದೊಡ್ಡ ಯಂತ್ರಗಳನ್ನು ತರುವುದು ವಿವೇಕ.

ಹೊಳೆಗೆ ದಂಡೆಯಿರುವಂತೆ ವಿದ್ಯುತ್ತಿಗೆ ತಂತಿಯ ಮಿತಿಯಿದೆ. ದಂಡೆಯೊಳಗೆ ಹರಿದ ಕಾವೇರಿಯು ಗದ್ದೆಗೆ ನೀರನ್ನೂ ನಾಡಿಗೆ ಬೆಳಕನ್ನೂ ಕೊಟ್ಟಳು; ದಂಡೆ ಮೀರಿದ ನೀರು ಏನು ಮಾಡುವುದೆಂಬುದನ್ನು ಕೊಡಗು 2018ರ ಆಗಸ್ಟಿನಲ್ಲಿ ಕಣ್ಣಾರೆ ಕಂಡಿದೆ. ತಂತಿಯು ಮಾತಾಡುವುದಿಲ್ಲ; ಬಿಸಿಯಾಗಿ ಮಾತ್ರ ತನ್ನ ಸಂಕಟವನ್ನು ತಿಳಿಸುತ್ತದೆ. ಆ ಮೂಕಭಾಷೆಯನ್ನು ಅರಿತವನ ಮನೆಯಲ್ಲಿ ವಿದ್ಯುತ್ತು ದೀಪವಾಗಿ ಉಳಿಯುತ್ತದೆ.

ಪದಗಳ ಅರ್ಥ
ಟಂಕಸಾಲೆ – ನಾಣ್ಯಗಳನ್ನು ಅಚ್ಚುಹಾಕುವ ಸ್ಥಳ
ವ್ಯವಧಾನ – ಬಿಡುವು, ತಾಳ್ಮೆ
ರೋಧ – ಪ್ರವಾಹಕ್ಕೆ ಒದಗುವ ಅಡ್ಡಿ
ಧಾರಕ – ವಿದ್ಯುದಂಶವನ್ನು ಶೇಖರಿಸುವ ಸಾಧನ
ಕಕ್ಕಡ – ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕೊಡಗಿನ ಮಳೆಯ ತಿಂಗಳು

ಅಭ್ಯಾಸ
1. ಶಿವನಸಮುದ್ರದ ವಿದ್ಯುತ್ತು ಮೊದಲು ಯಾವ ಉದ್ದೇಶಕ್ಕೆ ಬಳಕೆಯಾಯಿತು?
2. ವೋಲ್ಟೇಜು ಕುಸಿದಾಗ ಹಳೆಯ ಬಲ್ಬಿಗೂ ಕಂಪ್ಯೂಟರಿನ ಪವರ್ ಸಪ್ಲೈಗೂ ಇರುವ ವ್ಯತ್ಯಾಸವೇನು?
3. "ಕಾವಲುಗಾರನ ಬಾಯಿಯನ್ನೇ ಕಟ್ಟಿದರೆ ಮನೆಯು ಉಳಿದೀತೆ?" ಈ ಮಾತಿನ ಸ್ವಾರಸ್ಯವನ್ನು ವಿವರಿಸಿ.
4. ಸಡಿಲವಾದ ಪ್ಲಗ್ಗಿನ ಅಪಾಯವು ಫ್ಯೂಸಿಗೆ ಏಕೆ ತಿಳಿಯುವುದಿಲ್ಲ?
5. ನಿಮ್ಮ ಮನೆಯ ಒಂದು ಪ್ಲಗ್ಗಿಗೆ ಸೇರಿಸುವ ಉಪಕರಣಗಳ ವಾಟುಗಳನ್ನು ಹಿರಿಯರ ನೆರವಿನಿಂದ ಪಟ್ಟಿಮಾಡಿ, ಒಟ್ಟು ಪ್ರವಾಹವೆಷ್ಟೆಂದು ಲೆಕ್ಕ ಹಾಕಿ.