ಯಾರಿಗೆ ಮತ ಹಾಕಲಿ, ಫಾದರ್?



ಚುನಾವಣೆ ಹತ್ತಿರ ಬಂತೆಂದರೆ ಧರ್ಮಕೇಂದ್ರದ ಗುರುಗಳಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಯಾರಾದರೊಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ: "ಫಾದರ್, ಈ ಸಲ ಯಾರಿಗೆ ಮತ ಹಾಕಲಿ?" ಹೆಸರು ಹೇಳುವುದಿಲ್ಲ ಎಂದರೆ ಕೆಲವರಿಗೆ ಬೇಸರ, ಕೆಲವರಿಗೆ ಅನುಮಾನ.

ಹೆಸರು ಹೇಳದಿರುವುದಕ್ಕೆ ಕಾರಣಗಳಿವೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಗುರುಗಳು ಸಾಮಾನ್ಯವಾಗಿ ರಾಜಕೀಯ ಪಕ್ಷಗಳಲ್ಲಿ ಸಕ್ರಿಯವಾಗಿ ತೊಡಗುವಂತಿಲ್ಲ. 1988ರ ಕೇಂದ್ರ ಕಾಯಿದೆಯೊಂದರ ಪ್ರಕಾರ ಪೂಜಾಸ್ಥಳಗಳನ್ನು ರಾಜಕೀಯ ಚಟುವಟಿಕೆಗೆ ಬಳಸುವುದು ಅಪರಾಧ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದೂ ಚುನಾವಣಾ ಭ್ರಷ್ಟಾಚಾರವೇ ಎಂದು ಸುಪ್ರೀಂ ಕೋರ್ಟು 2017ರ ಜನವರಿ 2ರಂದು ತೀರ್ಪಿತ್ತಿದೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಿಮ್ಮ ಆತ್ಮಸಾಕ್ಷಿ ಮಾಡಬೇಕಾದ ಕೆಲಸವನ್ನು ನಿಮ್ಮ ಬದಲಿಗೆ ಇನ್ನೊಬ್ಬರು ಮಾಡಲಾರರು. ಆ ಕೆಲಸ ಎಂಥದು? ಅದನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಗಾಜಿನಮನೆಯ ದಿನಗಳು

"ಆತ್ಮಸಾಕ್ಷಿಯ ಮತ" ಎಂಬ ಮಾತು ನಮ್ಮ ದೇಶದಲ್ಲಿ ಮನೆಮಾತಾದದ್ದು 1969ರ ರಾಷ್ಟ್ರಪತಿ ಚುನಾವಣೆಯಲ್ಲಿ. ಅದಕ್ಕೆ ಕಾರಣವಾದ ಜಗಳ ಬಹಿರಂಗಕ್ಕೆ ಬಂದದ್ದು ನಮ್ಮ ಬೆಂಗಳೂರಿನಲ್ಲೇ.

ಆ ವರ್ಷದ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈ ತಿಂಗಳಲ್ಲಿ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಅಧಿವೇಶನ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ನಾಡಿನವರೇ ಆದ ಎಸ್. ನಿಜಲಿಂಗಪ್ಪನವರು. ಅದೇ ದಿನಗಳಲ್ಲಿ ಇಲ್ಲಿ ಸಭೆ ಸೇರಿದ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರು ಮುಂದಿಟ್ಟ ಜಗಜೀವನ ರಾಮ್ ಅವರ ಹೆಸರಿಗೆ ಬಹುಮತ ಸಿಗಲಿಲ್ಲ. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಉಪರಾಷ್ಟ್ರಪತಿ ಸ್ಥಾನಕ್ಕೆ ರಾಜೀನಾಮೆಯಿತ್ತು ಸ್ವತಂತ್ರರಾಗಿ ನಿಂತರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬೆಂಬಲದಿಂದ ಸಿ.ಡಿ. ದೇಶಮುಖರು ಕಣದಲ್ಲಿದ್ದರು.

ಪಕ್ಷದ ಅಭ್ಯರ್ಥಿಗೇ ಮತ ಹಾಕುವುದು ಶಿಸ್ತು ಎಂದು ನಿಜಲಿಂಗಪ್ಪನವರ ಕಡೆಯವರು ಹೇಳಿದರು. ಇಂದಿರಾ ಗಾಂಧಿಯವರು ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದರು. ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಸುತ್ತಿನಲ್ಲಿ ಯಾರಿಗೂ ಬೇಕಾದಷ್ಟು ಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ ದೊರೆಯಿತು. ನವೆಂಬರ್ ಹೊತ್ತಿಗೆ ಪಕ್ಷವೇ ಎರಡಾಯಿತು.

ಯಾರ ಪಕ್ಷ ಸರಿ ಎಂಬುದನ್ನು ಇತಿಹಾಸಕಾರರಿಗೆ ಬಿಡೋಣ. ನಮಗೆ ಬೇಕಾದ ಪ್ರಶ್ನೆ ಬೇರೆ. ಆತ್ಮಸಾಕ್ಷಿಯಂತೆ ನಡೆಯಿರಿ ಎಂಬ ಕರೆ ಮೇಲಿನಿಂದ ಬಂದಾಗ, ಆ ಕರೆಯ ಹಿಂದೆ ಯಾರ ಹೆಸರಿದೆ ಎಂದು ಎಲ್ಲರಿಗೂ ಗೊತ್ತಿದ್ದಾಗ, ಅದನ್ನು ಪಾಲಿಸುವುದು ಆತ್ಮಸಾಕ್ಷಿಯೋ ಅಥವಾ ಇನ್ನೊಂದು ಆಜ್ಞೆಯೋ? ಚೆನ್ನಾಗಿ ಯೋಚಿಸಿ, ಪಕ್ಷದ ಮಾತು ಸರಿಯೆಂದು ಕಂಡು, ರೆಡ್ಡಿಯವರಿಗೆ ಮತ ಹಾಕಿದವನೂ ಆತ್ಮಸಾಕ್ಷಿಯಂತೆಯೇ ನಡೆದ. ಗಾಳಿ ಬೀಸಿದ ಕಡೆ ತೂರಿಕೊಂಡು ಗಿರಿಯವರಿಗೆ ಹಾಕಿದವನು ನಡೆಯಲಿಲ್ಲ. ಮತಪತ್ರ ನೋಡಿ ಇದನ್ನು ಹೇಳಲಾಗದು. ಆತ್ಮಸಾಕ್ಷಿಯ ಮತ ಎಂಬುದು ಯಾರಿಗೆ ಹಾಕಿದೆವು ಎಂಬುದರಲ್ಲಿ ಮಾತ್ರ ಇಲ್ಲ. ಆ ನಿರ್ಧಾರಕ್ಕೆ ಹೇಗೆ ಬಂದೆವು ಎಂಬುದರಲ್ಲಿದೆ.

ರಾಷ್ಟ್ರಪತಿಯನ್ನು ನಾವು ನೇರವಾಗಿ ಆರಿಸುವುದಿಲ್ಲ, ನಮಗೇನು ಸಂಬಂಧ ಎನ್ನುವಿರಾ? ದ್ರೌಪದಿ ಮುರ್ಮು ಮತ್ತು ಯಶವಂತ ಸಿನ್ಹಾ ಸ್ಪರ್ಧಿಸಿದ 2022ರ ಚುನಾವಣೆಯಲ್ಲಿ ಕರ್ನಾಟಕದ ಪ್ರತಿ ಶಾಸಕರ ಮತದ ಮೌಲ್ಯ 131 ಆಗಿತ್ತು. 1971ರ ಜನಗಣತಿಯ ಆಧಾರದ ಮೇಲೆ ಆ ಲೆಕ್ಕ. ಆ ಮತ ರಹಸ್ಯ. ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ಬಿಟಿಎಂ ಲೇಔಟಿನಿಂದಲೋ ಜಯನಗರದಿಂದಲೋ ನಾವು ಆರಿಸಿ ಕಳಿಸಿದವರು ಅಲ್ಲಿ ತಮ್ಮ ಆತ್ಮಸಾಕ್ಷಿಯೊಂದಿಗೆ ಒಬ್ಬರೇ ನಿಲ್ಲುತ್ತಾರೆ. ಆದ್ದರಿಂದ ನಮ್ಮ ಮತಗಟ್ಟೆಯಲ್ಲಿ ನಾವು ಹೇಗೆ ಆರಿಸುತ್ತೇವೆ ಎಂಬುದು ರಾಷ್ಟ್ರಪತಿ ಭವನದವರೆಗೂ ಮುಟ್ಟುವ ಮಾತು.

ಆತ್ಮಸಾಕ್ಷಿ ಎಂದರೆ ಮನಸ್ಸಿಗೆ ಬಂದದ್ದಲ್ಲ

"ನನ್ನ ಮನಸ್ಸಿಗೆ ಹಾಗನ್ನಿಸಿತು, ಹಾಕಿದೆ" ಎನ್ನುವವರಿದ್ದಾರೆ. ಅನ್ನಿಸುವುದು ಬೇರೆ, ಆತ್ಮಸಾಕ್ಷಿ ಬೇರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆತ್ಮಸಾಕ್ಷಿಯನ್ನು ಮನುಷ್ಯನು ದೇವರೊಡನೆ ಏಕಾಂತದಲ್ಲಿರುವ ಗರ್ಭಗುಡಿಯಂತೆ ಕಂಡಿತು. ಜತೆಗೆ, ಸತ್ಯವನ್ನು ಹುಡುಕುವ ಗೋಜಿಗೇ ಹೋಗದವನ ಆತ್ಮಸಾಕ್ಷಿ ಕ್ರಮೇಣ ಕುರುಡಾಗುತ್ತದೆ ಎಂದೂ ಎಚ್ಚರಿಸಿತು. ಸಂತ ಥಾಮಸ್ ಅಕ್ವಿನಾಸರೂ ಇದನ್ನೇ ಕಲಿಸಿದರು: ತಿಳಿಯಬಹುದಾಗಿದ್ದೂ ತಿಳಿಯದೆ ಉಳಿದರೆ, "ನನಗೆ ಗೊತ್ತಿರಲಿಲ್ಲ" ಎಂಬ ನೆಪ ನಿಲ್ಲದು. ವಿವೇಕವೆಂಬ ಸದ್ಗುಣಕ್ಕೆ ಅವರು ಮೂರು ಹೆಜ್ಜೆಗಳನ್ನು ಹೇಳಿದರು: ವಿಚಾರಿಸುವುದು, ನಿರ್ಣಯಿಸುವುದು, ನಿರ್ಣಯಿಸಿದ್ದನ್ನು ಮಾಡುವುದು. ಮತದಾನಕ್ಕೂ ಈ ಮೂರೇ ಹೆಜ್ಜೆ.

ಮೊದಲ ಹೆಜ್ಜೆ: ವಿಚಾರಿಸುವುದು

ವಿಮೋಚನಾಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆಗೆ ಅವನ ಮಾವ ಇತ್ರೋ ಬುದ್ಧಿ ಹೇಳುತ್ತಾನೆ. ಜನರ ಮೇಲ್ವಿಚಾರಣೆಗೆ ಎಂಥವರನ್ನು ನೇಮಿಸಬೇಕು? ನಾಲ್ಕು ಗುಣಗಳನ್ನು ಆತ ಎಣಿಸುತ್ತಾನೆ: ಸಾಮರ್ಥ್ಯ, ದೈವಭಯ, ನಂಬಿಕೆಗೆ ಅರ್ಹತೆ, ಲಂಚವೆಂದರೆ ಹೇಸಿಗೆ. ಇತ್ರೋ ಇಸ್ರಯೇಲನಲ್ಲ, ಮಿದ್ಯಾನಿನ ಯಾಜಕ ಎಂಬುದನ್ನು ಗಮನಿಸಿ. ಹೊರಗಿನವನ ವಿವೇಕವನ್ನು ಮೋಶೆ ತಳ್ಳಿಹಾಕಲಿಲ್ಲ. ಹಾಗಿರುವಾಗ ನಮ್ಮ ಮತದ ಅಭ್ಯರ್ಥಿಯೇ ಆಗಬೇಕೆಂದು ನಾವು ಹಟ ಹಿಡಿಯುವುದು ಹೇಗೆ? ದೈವಭಯವೆಂದರೆ ಹಣೆಯ ಮೇಲಿನ ಅಥವಾ ಕೊರಳಲ್ಲಿನ ಗುರುತಲ್ಲ. ತನಗಿಂತ ಮೇಲೊಂದು ನ್ಯಾಯವಿದೆ, ಲೆಕ್ಕ ಕೊಡಬೇಕಾದ ದಿನವೊಂದಿದೆ ಎಂಬ ಅರಿವು.

ಈ ಗುಣಗಳನ್ನು ತಿಳಿಯಲು ನಮ್ಮ ಹಿರಿಯರಿಗಿಲ್ಲದ ಅನುಕೂಲ ನಮಗಿದೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ತನ್ನ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳ ಬಗ್ಗೆ ಪ್ರಮಾಣಪತ್ರ ಕೊಡಲೇಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಓದಬಹುದು. ಮೊಕದ್ದಮೆ ಇರುವವರನ್ನು ಯಾಕೆ ಆರಿಸಿದೆವು ಎಂದು ಪಕ್ಷಗಳು ಪ್ರಕಟಿಸಬೇಕು, ಗೆಲ್ಲುತ್ತಾನೆ ಎಂಬುದೊಂದೇ ಕಾರಣ ಸಾಲದು ಎಂದು 2020ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಆದೇಶಿಸಿತು. ಮೊಕದ್ದಮೆ ಇದ್ದ ಮಾತ್ರಕ್ಕೆ ಅಪರಾಧಿಯಲ್ಲ, ನಿಜ. ಹೋರಾಟದಲ್ಲಿ ಪಾಲ್ಗೊಂಡದ್ದಕ್ಕೆ ಬಿದ್ದ ಮೊಕದ್ದಮೆಯೇ, ದೊಂಬಿ ದರೋಡೆಯದೇ? ಅದನ್ನು ನೋಡಲು ಓದಲೇಬೇಕಲ್ಲವೇ? ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು ಐದು ವರ್ಷಕ್ಕೆ ಒಬ್ಬರನ್ನು ಆರಿಸುವಾಗ ಅರ್ಧ ಗಂಟೆ ಕೊಡಬಾರದೇ?

ಎರಡನೆಯ ಹೆಜ್ಜೆ: ತೂಗಿ ನಿರ್ಣಯಿಸುವುದು

ಎಲ್ಲದರಲ್ಲೂ ಸರಿಯಿರುವ ಅಭ್ಯರ್ಥಿ ಸಿಗುವುದಿಲ್ಲ. ಒಬ್ಬರು ಪ್ರಾಮಾಣಿಕರು, ಆದರೆ ಪಕ್ಷದ ಧೋರಣೆ ನಮಗೆ ಒಪ್ಪಿಗೆಯಿಲ್ಲ. ಇನ್ನೊಬ್ಬರ ಪಕ್ಷ ಒಪ್ಪಿಗೆ, ಆದರೆ ಮನುಷ್ಯರ ಮೇಲೆ ಭರವಸೆಯಿಲ್ಲ. ಏನು ಮಾಡುವುದು?

2004ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವರ್ಷ ಅಲ್ಲಿನ ಕಥೋಲಿಕರಿಗೂ ಇದೇ ಸಂಕಟ ಬಂತು. ಆಗ ಕಾರ್ಡಿನಲ್ ಆಗಿದ್ದ ಜೋಸೆಫ್ ರಾಟ್ಜಿಂಗರ್, ಅಂದರೆ ಮುಂದೆ ಜಗದ್ಗುರುಗಳಾದ 16ನೆಯ ಬೆನೆಡಿಕ್ಟರು, ಒಂದು ವಿವೇಚನೆಯನ್ನು ತಿಳಿಸಿದರು. ಅಭ್ಯರ್ಥಿ ಗರ್ಭಪಾತದಂಥ ಕೆಡುಕನ್ನು ಬೆಂಬಲಿಸುತ್ತಾನೆ ಎಂಬ ಕಾರಣಕ್ಕೇ ಮತ ಹಾಕಿದರೆ ಆ ಕೆಡುಕಿನಲ್ಲಿ ನಾವೂ ಪಾಲುದಾರರು. ಆ ಕೆಡುಕನ್ನು ಒಪ್ಪದೆ, ಅದಕ್ಕೆ ಸರಿದೂಗುವಷ್ಟು ಗಂಭೀರವಾದ ಬೇರೆ ಕಾರಣಗಳಿಗಾಗಿ ಮತ ಹಾಕಿದರೆ ಅದು ದೂರದ ಸಂಬಂಧ, ಅನುಮತಿಸಬಹುದಾದದ್ದು. ಇದರ ಸಾರ ನಮಗೂ ಅನ್ವಯಿಸುತ್ತದೆ. "ಯಾಕೆ ಹಾಕುತ್ತಿದ್ದೇನೆ?" ಎಂದು ಕೇಳಿಕೊಳ್ಳಿ. ಇನ್ನೊಂದು ಸಮುದಾಯದವರಿಗೆ ಪಾಠ ಕಲಿಸಲಿ ಎಂದು ಹಾಕುವ ಮತ ಯಾವ ತಕ್ಕಡಿಯಲ್ಲೂ ಸರಿದೂಗದು.

ತೂಗುವಾಗ ನಮ್ಮ ಲಾಭವೊಂದನ್ನೇ ಇಡಬೇಡಿ. ನಮ್ಮ ಬಡಾವಣೆಯ ಕಸ ಗುಡಿಸುವವರು, ಮನೆಗೆಲಸದವರು, ಮಡಿವಾಳದ ಸಂತೆಯಲ್ಲಿ ಮೂಟೆ ಹೊರುವವರು, ಕೆಲಸ ಹುಡುಕಿ ಬಂದು ಪೀಜಿಗಳಲ್ಲಿರುವ ಮಕ್ಕಳು, ಇವರ ಪಾಡು ಏನಾಗುತ್ತದೆ ಎಂದೂ ಇಡಿ. ಸರ್ವರ ಹಿತ ಎಂದು ಧರ್ಮಸಭೆ ಹೇಳುವುದು ಇದನ್ನೇ. ಎಷ್ಟು ತೂಗಿದರೂ ಯಾರೂ ಬೇಡವೆನಿಸಿದರೆ 2013ರಿಂದ 'ನೋಟಾ' ಗುಂಡಿ ಇದೆ. ಅದು ಅಸಮ್ಮತಿಯನ್ನು ದಾಖಲಿಸುತ್ತದೆ, ಗೆದ್ದವರನ್ನು ಕೆಳಗಿಳಿಸುವುದಿಲ್ಲ ಎಂಬುದು ತಿಳಿದಿರಲಿ.

ಮೂರನೆಯ ಹೆಜ್ಜೆ: ಹೋಗಿ ಮತ ಹಾಕುವುದು

1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಮತದಾನವನ್ನು ನೈತಿಕ ಕರ್ತವ್ಯವೆಂದೇ ಕರೆಯುತ್ತದೆ. ಆದರೂ 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇಕಡಾ 73 ದಾಟಿದಾಗ ಬೆಂಗಳೂರು ನಗರ ಶೇಕಡಾ 60 ಮುಟ್ಟಲಿಲ್ಲ. "ನನ್ನೊಂದು ಮತದಿಂದ ಏನಾದೀತು?" ಎನ್ನುವವರು ಪಕ್ಕದ ಜಯನಗರ ಕ್ಷೇತ್ರವನ್ನು ನೋಡಲಿ. ಅದೇ ಚುನಾವಣೆಯಲ್ಲಿ ಅಲ್ಲಿ ಮರುಎಣಿಕೆಯ ನಂತರ ಸಿ.ಕೆ. ರಾಮಮೂರ್ತಿಯವರು ಸೌಮ್ಯಾ ರೆಡ್ಡಿಯವರ ವಿರುದ್ಧ ಗೆದ್ದದ್ದು 16 ಮತಗಳಿಂದ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರ ಎದುರು ಗೆದ್ದದ್ದು ಒಂದೇ ಒಂದು ಮತದಿಂದ. ಮನೆ ಬದಲಿಸಿದವರು 'ಫಾರ್ಮ್ 8' ತುಂಬಿ ಹೆಸರನ್ನು ಹೊಸ ವಿಳಾಸಕ್ಕೆ ವರ್ಗಾಯಿಸಿಕೊಳ್ಳಿ.

ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೋತಾಮ ಹೇಳುವ ಕಥೆ ನೆನಪಿದೆಯೇ? ಮರಗಳೆಲ್ಲ ಅರಸನನ್ನು ಹುಡುಕಿದವು. ಓಲಿವ್ ಮರ, ಅಂಜೂರ, ದ್ರಾಕ್ಷಿ, ಎಲ್ಲವೂ ತಮ್ಮ ತಮ್ಮ ಕೆಲಸದ ನೆವ ಹೇಳಿ ಒಲ್ಲೆವೆಂದವು. ಕೊನೆಗೆ ಪಟ್ಟಕ್ಕೆ ಬಂದದ್ದು ಮುಳ್ಳಿನ ಪೊದೆ.

ಲಕೋಟೆ ಮತ್ತು ಮನೆಯ ವಿಪ್

ಇನ್ನೆರಡು ಮಾತು. ಮತದಾನದ ಹಿಂದಿನ ರಾತ್ರಿ ಲಕೋಟೆ, ಕುಕ್ಕರ್, ಕೂಪನ್ ಬಂದರೆ? ಕೊಟ್ಟವರೂ ತೆಗೆದುಕೊಂಡವರೂ ಕಾನೂನಿನ ಮುಂದೆ ತಪ್ಪಿತಸ್ಥರೇ. ಆದರೆ ಕೆಲವು ಬಡ ತಾಯಂದಿರ ಕಷ್ಟ ಬೇರೆ: "ತೆಗೆದುಕೊಂಡುಬಿಟ್ಟೆ, ಆಣೆಯನ್ನೂ ಮಾಡಿಸಿದರು. ಉಂಡ ಮನೆಗೆ ಎರಡು ಬಗೆಯಬಾರದಲ್ಲವೇ?" ಅಮ್ಮಾ, ಅದು ನೀವು ಉಂಡ ಮನೆಯಲ್ಲ, ನಿಮ್ಮನ್ನು ಕೊಳ್ಳಲು ಬಂದ ಅಂಗಡಿ. ಕೆಟ್ಟದ್ದನ್ನು ಮಾಡುತ್ತೇನೆಂದು ಕೊಟ್ಟ ಮಾತು ಯಾರನ್ನೂ ಕಟ್ಟಿಹಾಕದು ಎಂಬುದು ನೀತಿಶಾಸ್ತ್ರದ ಹಳೆಯ ಪಾಠ. ತೆಗೆದುಕೊಂಡದ್ದು ತಪ್ಪು. ಆ ತಪ್ಪಿಗೆ ಮತವನ್ನೂ ಸೇರಿಸಿದರೆ ಎರಡು ತಪ್ಪಾಗುತ್ತದೆ. ನಿಮ್ಮ ಮತ ಈಗಲೂ ನಿಮ್ಮದೇ.

ಮನೆಯ ಯಜಮಾನರಿಗೂ ಒಂದು ಮಾತು. ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರಿಗೇ ವಿಪ್ ಇಲ್ಲದಿರುವಾಗ ನಿಮ್ಮ ಅಡಿಗೆಮನೆಗೆ, ಹದಿನೆಂಟು ತುಂಬಿದ ಮಗಳಿಗೆ, ವಯಸ್ಸಾದ ತಾಯಿಗೆ ವಿಪ್ ಯಾಕೆ? ಕಾರಣ ಹೇಳಿ, ಚರ್ಚೆ ಮಾಡಿ, ಅವರ ಮಾತನ್ನೂ ಕೇಳಿ. ಮತಗಟ್ಟೆಯಿಂದ ಬಂದವರನ್ನು ಯಾರಿಗೆ ಹಾಕಿದೆಯೆಂದು ಗದರಿಸಿ ಕೇಳಬೇಡಿ. ಮತದ ಜಗಳಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟರೆ ಗೆದ್ದವರು ಬಂದು ಕೂಡಿಸುವುದಿಲ್ಲ.

ಕುಟುಂಬದಲ್ಲಿ ಚರ್ಚಿಸಲು

1. ಕಳೆದ ಸಲ ನಾನು ಮತ ಹಾಕಿದ ಅಭ್ಯರ್ಥಿಯ ಬಗ್ಗೆ ಹಾಕುವ ಮೊದಲು ನನಗೆ ಏನೇನು ತಿಳಿದಿತ್ತು?

2. ಇತ್ರೋ ಹೇಳಿದ ನಾಲ್ಕು ಗುಣಗಳಲ್ಲಿ ನಮ್ಮ ಕ್ಷೇತ್ರಕ್ಕೆ ಈಗ ಹೆಚ್ಚು ಬೇಕಾದದ್ದು ಯಾವುದು? ಯಾಕೆ?

3. ನಮ್ಮ ಮನೆಯಲ್ಲಿ ಬೇರೆ ಅಭಿಪ್ರಾಯ ಇರುವವರು ಭಯವಿಲ್ಲದೆ ಅದನ್ನು ಹೇಳಬಲ್ಲರೇ?

4. ನನ್ನ ಮತದಿಂದ ನನಗಿಂತ ಬಡವರಾದ ನೆರೆಯವರಿಗೆ ಏನಾದೀತು?

ಈ ವಾರ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಮನೆಯವರೆಲ್ಲ ಕುಳಿತು ಮೊದಲ ಪ್ರಶ್ನೆಯೊಂದನ್ನಾದರೂ ಎತ್ತಿಕೊಳ್ಳಿ. ಮನೆಯಲ್ಲಿ ಎಲ್ಲರಿಗಿಂತ ಕಿರಿಯ ಮತದಾರರು ಮೊದಲು ಮಾತಾಡಲಿ.